ನಡೆದು ಹೋದವರಿಗೇ ಸಿಗಬೇಕು: ಕ್ರಿಪ್ಟೋ ಬಹುಮಾನದ ನಿಧಿ ಬೇಟೆ ನಡೆಸೋದು ಹೇಗೆ

ನಾನು ಇಲ್ಲಿವರೆಗೆ ಐದು ನಿಧಿ ಬೇಟೆ ನಡೆಸಿದ್ದೇನೆ. ಮೊದಲ ಎರಡರಲ್ಲಿ ಬಹುಮಾನವಾಗಿ ಬೆಳ್ಳಿ ನಾಣ್ಯ ಇಟ್ಟಿದ್ದೆ. ಆಮೇಲಿನ ಮೂರರಲ್ಲಿ ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ದುಡ್ಡು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಆಟ. ಸುಳಿವು ಬಿಡಿಸಬೇಕು, ಜಾಗ ಹುಡುಕಬೇಕು, ಡಬ್ಬಿ ತೆಗೆಯಬೇಕು. ಆದರೆ ಬಚ್ಚಿಡುವವರ ಕೆಲಸ ಪೂರ್ತಿ ಬೇರೆ. ಬೆಳ್ಳಿ ನಾಣ್ಯದ ಫೋಟೋ ಯಾರು ತೆಗೆದರೂ ನಾಣ್ಯ ಅಲ್ಲೇ ಇರುತ್ತದೆ. ಕ್ರಿಪ್ಟೋ ಡಬ್ಬಿಯೊಳಗೆ ಇರುವುದು ಹನ್ನೆರಡು ಪದ ಬರೆದ ಒಂದು ಚೀಟಿ. ಆ ಪದಗಳು ಯಾರಿಗೆ ಗೊತ್ತೋ ಅವರದ್ದೇ ದುಡ್ಡು. ಚೀಟಿಯನ್ನು ಮುಟ್ಟಬೇಕು ಅಂತಿಲ್ಲ, ನೋಡಿದರೆ ಸಾಕು. ಕೆಲವು ಸಲ ಪೂರ್ತಿ ನೋಡುವುದೂ ಬೇಡ.

ಅದಕ್ಕೇ ಪ್ರತಿ ಸಲವೂ ನನ್ನ ತಯಾರಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ. ಬಿಸಿಲಲ್ಲಿ ನಡೆದು ಜಾಗ ಹುಡುಕಿದವರನ್ನು ಬಿಟ್ಟು, ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರ ಕೈಗೆ ಈ ದುಡ್ಡು ಹೋಗುವ ದಾರಿ ಎಲ್ಲಾದರೂ ತೆರೆದಿದೆಯಾ? ಇದ್ದರೆ ಅದನ್ನು ಮೊದಲು ಮುಚ್ಚಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಅಳಿಸಿಹೋದ ಎರಡು ಪದ

ಈ ಪಾಠ ನನಗೆ ಸಿಕ್ಕಿದ್ದು ನನ್ನದೇ ತಪ್ಪಿನಿಂದ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಕಾಗದ ಮತ್ತು ಶಾಯಿಯ ಜೊತೆಗೇ ದಿನ ಕಳೆಯುವವಳು. ಆದರೂ ಮೊದಲ ಕ್ರಿಪ್ಟೋ ಬೇಟೆಯಲ್ಲಿ ಚೀಟಿಯನ್ನು ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ದೆ. ಎರಡು ರಾತ್ರಿ ಇಬ್ಬನಿ ಬಿತ್ತು. ಡಬ್ಬಿಯ ಒಳಗೇ ಹಬೆ ಕಟ್ಟಿ, ಮುಚ್ಚಳದಿಂದ ಹನಿ ಬಿದ್ದು, ಏಳನೇ ಮತ್ತು ಎಂಟನೇ ಪದ ಹರಡಿ ಬರೀ ಕಲೆಯಾಗಿಬಿಟ್ಟಿದ್ದವು.

ಡಬ್ಬಿ ಸಿಕ್ಕ ಹುಡುಗ ಫೋನ್ ಮಾಡಿದ. "ಮೇಡಂ, ಹತ್ತು ಪದ ಸರಿಯಾಗಿ ಕಾಣ್ತಿದೆ, ಎರಡು ಓದೋಕೇ ಆಗ್ತಿಲ್ಲ." ನನಗೆ ಕೈಕಾಲು ತಣ್ಣಗಾಯಿತು. ಮನೆಯಲ್ಲಿ ಇನ್ನೊಂದು ಪ್ರತಿ ಇದೆ, ತರ್ತೀನಿ ಇರಪ್ಪ ಅಂತ ಹೇಳಿ ಹೊರಟೆ. ನಾನಿನ್ನೂ ದಾರಿಯಲ್ಲಿದ್ದಾಗಲೇ ಮತ್ತೆ ಫೋನ್ ಬಂತು. "ಬೇಡ ಮೇಡಂ, ಸಿಕ್ಕಿಬಿಡ್ತು." ಅವನ ಗೆಳೆಯನ ಹತ್ತಿರ ಲ್ಯಾಪ್‌ಟಾಪ್ ಇತ್ತಂತೆ. ಕಾಣದ ಎರಡು ಪದಗಳ ಜಾಗದಲ್ಲಿ ಎಲ್ಲ ಪದಗಳನ್ನೂ ಕೂರಿಸಿ ನೋಡುವ ಒಂದು ಸಣ್ಣ ಪ್ರೋಗ್ರಾಂ ಓಡಿಸಿದ್ದಾನೆ, ಅಷ್ಟೇ.

ಅವತ್ತು ಗೆದ್ದವನಿಗೆ ಬಹುಮಾನ ಸಿಕ್ಕಿದ್ದು ನನಗೆ ನಿಜಕ್ಕೂ ಸಮಾಧಾನ ಕೊಟ್ಟಿತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಡಬ್ಬಿಯಲ್ಲಿ ಹತ್ತು ಪದ ಇಟ್ಟು, ಉಳಿದೆರಡನ್ನು ಬೇರೆ ಕಡೆ ಇಟ್ಟರೆ ಭದ್ರ ಅಂತ ನಾನು ಮುಂದಿನ ಬೇಟೆಗೆ ಯೋಜನೆ ಹಾಕಿದ್ದೆ!

ಲೆಕ್ಕ ಹೀಗಿದೆ. ಹೆಚ್ಚಿನ ವ್ಯಾಲೆಟ್‌ಗಳು, ಅಂದರೆ ಕ್ರಿಪ್ಟೋ ಇಟ್ಟುಕೊಳ್ಳುವ ಆ್ಯಪ್‌ಗಳು, ಬಳಸುವ ಪದಪಟ್ಟಿಯಲ್ಲಿ ಇರುವುದು 2048 ಪದ. ಬಿಐಪಿ 39 ಅನ್ನುವ ಪದ್ಧತಿ ಅದು, ಪಟ್ಟಿ ಎಲ್ಲರಿಗೂ ಸಿಗುತ್ತದೆ. ಒಂದು ಪದ ಗೊತ್ತಿಲ್ಲದಿದ್ದರೆ 2048 ಸಲ ಪ್ರಯತ್ನಿಸಿದರೆ ಮುಗಿಯಿತು. ಎರಡು ಗೊತ್ತಿಲ್ಲದಿದ್ದರೆ ಸುಮಾರು 42 ಲಕ್ಷ. ಅದರ ಮೇಲೆ, ಹನ್ನೆರಡು ಪದಗಳ ಕೊನೆಯಲ್ಲಿ ಒಂದು ತಾಳೆ ನೋಡುವ ವ್ಯವಸ್ಥೆ ಸೇರಿಕೊಂಡಿರುತ್ತದೆ. ಅದರಿಂದ ಹದಿನಾರರಲ್ಲಿ ಹದಿನೈದು ಜೋಡಣೆಗಳು ಸುಳ್ಳು ಅಂತ ಕೂಡಲೇ ಗೊತ್ತಾಗುತ್ತದೆ. ಉಳಿಯುವುದು ಎರಡೂವರೆ ಲಕ್ಷ ಚಿಲ್ಲರೆ. ಲ್ಯಾಪ್‌ಟಾಪ್‌ಗೆ ಅದೇನೂ ದೊಡ್ಡ ಕೆಲಸ ಅಲ್ಲ.

ನಾಲ್ಕು ಪದ ಗೊತ್ತಿಲ್ಲದಿದ್ದರೆ? ಅದಕ್ಕೂ ಉದಾಹರಣೆ ಇದೆ. 2020ರಲ್ಲಿ ಅಲಿಸ್ಟೇರ್ ಮಿಲ್ನ್ ಅನ್ನುವವರು ಒಂದು ಪೂರ್ತಿ ಬಿಟ್‌ಕಾಯಿನ್ ಬಹುಮಾನ ಇಟ್ಟು, ಹನ್ನೆರಡು ಪದಗಳಿಗೂ ಒಂದೊಂದಾಗಿ ಸುಳಿವು ಬಿಡುತ್ತಾ ಬಂದರು. ಕೊನೆಯ ಪದಗಳನ್ನು ಯಾರೂ ಕಂಪ್ಯೂಟರ್‌ನಿಂದ ಹುಡುಕಬಾರದು ಅಂತ ಅವನ್ನು ಒಟ್ಟಿಗೇ ಕೊಡುವ ಯೋಚನೆ ಅವರದಾಗಿತ್ತು. ಜಾನ್ ಕ್ಯಾಂಟ್ರೆಲ್ ಅನ್ನುವ ಪ್ರೋಗ್ರಾಮರ್ ಎಂಟು ಪದ ಗೊತ್ತಾಗುತ್ತಿದ್ದ ಹಾಗೇ ಬಾಡಿಗೆಗೆ ಸಿಗುವ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಸಾಲಾಗಿ ಹೂಡಿ, ಸುಮಾರು ಮೂವತ್ತು ಗಂಟೆಯಲ್ಲಿ ಒಂದು ಲಕ್ಷ ಕೋಟಿಗಿಂತ ಜಾಸ್ತಿ ಜೋಡಣೆಗಳನ್ನು ಪರೀಕ್ಷಿಸಿ ಆ ಬಿಟ್‌ಕಾಯಿನ್ ತೆಗೆದುಕೊಂಡರು. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಊರೂರು ಸುತ್ತಿ ಹುಡುಕಲಿ ಅಂತ ನೀವು ಆಟ ಕಟ್ಟಿದ್ದರೆ, ಹೀಗಾದಾಗ ಸುತ್ತಿದವರಿಗೆ ಎಷ್ಟು ಬೇಜಾರಾಗುತ್ತೆ ಅಲ್ವಾ?

ಇದರಿಂದ ನನ್ನ ಮೊದಲ ನಿಯಮ: ಸುಳಿವುಗಳು ಜಾಗಕ್ಕೆ ಕರೆದುಕೊಂಡು ಹೋಗಬೇಕು, ಅಷ್ಟೇ. ಹನ್ನೆರಡರಲ್ಲಿ ಒಂದು ಪದವೂ ಸುಳಿವಿನೊಳಗೆ ಇರಕೂಡದು.

ಹೆಚ್ಚು ಜನ ಎಡವುವುದು ಪದಗಳನ್ನು ಹಂಚುವಲ್ಲಿ. ಮೂರು ಡಬ್ಬಿ, ಒಂದೊಂದರಲ್ಲಿ ನಾಲ್ಕು ಪದ ಅಂದರೆ ಕೇಳೋಕೆ ಚೆನ್ನಾಗಿರುತ್ತದೆ. ಎರಡು ಡಬ್ಬಿ ಸಿಕ್ಕವರ ಕೈಯಲ್ಲಿ ಎಂಟು ಪದ ಇರುತ್ತದೆ. ಮೇಲಿನ ಕತೆಯೂ ಎಂಟು ಪದದ್ದೇ. ಮೂರನೇ ಡಬ್ಬಿ ಇದ್ದೂ ಇಲ್ಲದ ಹಾಗೆ. ನಿಜವಾಗಿಯೂ ಹಂಚಲೇಬೇಕು ಅಂದರೆ ಅದಕ್ಕೊಂದು ಗಣಿತದ ದಾರಿ ಇದೆ. ಗುಪ್ತಲಿಪಿ ತಜ್ಞ ಅದಿ ಶಮೀರ್ 1979ರಲ್ಲಿ ತೋರಿಸಿಕೊಟ್ಟದ್ದು. ಒಂದು ಗುಟ್ಟನ್ನು ಐದು ಚೂರು ಮಾಡಿ, ಯಾವುದೇ ಮೂರು ಸೇರಿದರೆ ಗುಟ್ಟು ಪೂರ್ತಿ ಬರುವ ಹಾಗೆ, ಎರಡೇ ಇದ್ದರೆ ಏನೂ ತಿಳಿಯದ ಹಾಗೆ ಮಾಡಬಹುದು. 2019ರಲ್ಲಿ ಸತೋಷೀಸ್ ಟ್ರೆಷರ್ ಅಂತ ಲೋಕದ ಬೇರೆ ಬೇರೆ ಕಡೆ ಸುಳಿವು ಇಟ್ಟು ಶುರು ಮಾಡಿದ ದೊಡ್ಡ ಬೇಟೆಯೂ ಇದೇ ದಾರಿಯದು. ಕೀಯನ್ನು, ಅಂದರೆ ದುಡ್ಡು ತೆಗೆಯಲು ಬೇಕಾದ ಗುಟ್ಟಿನ ಸಂಖ್ಯೆಯನ್ನು, 1000 ಚೂರು ಮಾಡಿದ್ದರು, 400 ಸೇರಿಸಿದವರಿಗೆ ಹತ್ತು ಲಕ್ಷ ಡಾಲರ್ ಬೆಲೆಯ ಬಿಟ್‌ಕಾಯಿನ್. ಕೀ ಇಡಲೆಂದೇ ಮಾಡಿದ ಪುಟ್ಟ ಸಾಧನಗಳಾದ ಕೆಲವು ಹಾರ್ಡ್‌ವೇರ್ ವ್ಯಾಲೆಟ್‌ಗಳಲ್ಲಿ ಹೀಗೆ ಚೂರು ಮಾಡುವ ಸೌಲಭ್ಯ ಇದೆ. ಮೂವತ್ತು ನಲವತ್ತು ಜನ ಆಡುವ ಬೇಟೆಗೆ ಇದು ಬೇಡವೇ ಬೇಡ. ಕೊನೆಯ ಡಬ್ಬಿಯಲ್ಲಿ ಹನ್ನೆರಡೂ ಪದ ಇಡಿ, ಮುಂಚಿನ ಡಬ್ಬಿಗಳಲ್ಲಿ ಮುಂದಿನ ಸುಳಿವು ಮಾತ್ರ ಇಡಿ.

ದಾರಿಹೋಕರ ಕೈಗೆ ಡಬ್ಬಿ ಸಿಕ್ಕರೆ?

ಇದೊಂದು ನಿಜವಾದ ತೊಂದರೆ. ಆಟದ ಬಗ್ಗೆ ಏನೂ ಗೊತ್ತಿಲ್ಲದವರು ಸುಮ್ನೆ ಕೂತು ಕೈ ಚಾಚಿದಾಗ ಡಬ್ಬಿ ಸಿಗಬಹುದು. ಇದಕ್ಕೆ ವ್ಯಾಲೆಟ್‌ನಲ್ಲೇ ಒಂದು ಉಪಾಯ ಇದೆ, ಪಾಸ್‌ಫ್ರೇಸ್. ಹನ್ನೆರಡು ಪದಗಳ ಜೊತೆ ನೀವೇ ಸೇರಿಸುವ ಒಂದು ಗುಟ್ಟಿನ ಮಾತು. ಪದಗಳು ಡಬ್ಬಿಯಲ್ಲಿ, ಪಾಸ್‌ಫ್ರೇಸ್ ಹುಡುಕಾಟದ ದಾರಿಯಲ್ಲಿ. ಎರಡೂ ಇದ್ದವರಿಗೆ ಮಾತ್ರ ದುಡ್ಡು. ನನ್ನ ನಾಲ್ಕನೇ ಬೇಟೆಯಲ್ಲಿ ದಾರಿಯುದ್ದಕ್ಕೂ ಆರು ಜಾಗದಲ್ಲಿ ಒಂದೊಂದು ಸಣ್ಣ ತಗಡಿನ ಬಿಲ್ಲೆ ಅಂಟಿಸಿದ್ದೆ, ಪ್ರತಿ ಬಿಲ್ಲೆಯ ಮೇಲೆ ನಾಲ್ಕು ಅಕ್ಷರ. ಅಕ್ಷರಗಳಿಗೆ ಅರ್ಥ ಇರಲಿಲ್ಲ, ಬೇಕಂತಲೇ ದಾಳ ಉರುಳಿಸಿ ಆರಿಸಿದ್ದೆ. ಊಹಿಸಬಹುದಾದ ಮಾತು ಹಾಕಿದರೆ ಡಬ್ಬಿ ಸಿಕ್ಕವರು ಕಂಪ್ಯೂಟರ್‌ಗೆ ಹಚ್ಚಿ ಕಂಡುಹಿಡಿದುಬಿಡುತ್ತಾರೆ.

ಪಾಸ್‌ಫ್ರೇಸ್‌ನಲ್ಲಿ ಒಂದು ಎಚ್ಚರ. ತಪ್ಪು ಟೈಪ್ ಮಾಡಿದರೆ ವ್ಯಾಲೆಟ್ ಅದನ್ನು ತಪ್ಪು ಅಂತ ಹೇಳುವುದಿಲ್ಲ. ಸುಮ್ಮನೆ ಬೇರೊಂದು ಖಾಲಿ ವ್ಯಾಲೆಟ್ ತೆರೆದು ತೋರಿಸುತ್ತದೆ. ಒಂದು ಸ್ಪೇಸ್ ಜಾಸ್ತಿಯಾದರೂ, ಒಂದು ಅಕ್ಷರ ದೊಡ್ಡದಾದರೂ ಹೀಗೇ. ಹುಡುಕಿದವರಿಗೆ ಮೋಸ ಹೋದೆವು ಅನ್ನಿಸುತ್ತದೆ. ಅದಕ್ಕೆ ಡಬ್ಬಿಯ ಚೀಟಿಯಲ್ಲೇ ಸ್ಪಷ್ಟವಾಗಿ ಬರೆಯಿರಿ: ಪಾಸ್‌ಫ್ರೇಸ್ 24 ಅಕ್ಷರ, ಎಲ್ಲವೂ ಸಣ್ಣಕ್ಷರ, ನಡುವೆ ಸ್ಪೇಸ್ ಇಲ್ಲ, ಬಿಲ್ಲೆಗಳು ಸಿಕ್ಕ ಕ್ರಮದಲ್ಲೇ ಹಾಕಿ.

ಆ ಬೇಟೆಯಲ್ಲಿ ಉಪಾಯ ಕೆಲಸಕ್ಕೆ ಬಂತು. ಮೊದಲು ಡಬ್ಬಿ ಸಿಕ್ಕಿದ್ದು ಜಾಗ ಗುಡಿಸುವ ಹೆಂಗಸಿಗೆ. ಮುಚ್ಚಳದ ಮೇಲಿದ್ದ ನಂಬರ್‌ಗೆ ಫೋನ್ ಮಾಡಿ, "ಇದು ನಿಮ್ದೇನಮ್ಮಾ, ಇಲ್ಲೇ ಇಡ್ಲಾ?" ಅಂತ ಕೇಳಿ, ಇದ್ದ ಹಾಗೇ ಇಟ್ಟರು. ಅವರ ಹೆಸರನ್ನು ಬಹುಮಾನ ಘೋಷಿಸುವಾಗ ಎಲ್ಲರ ಮುಂದೆ ಹೇಳಿದೆ.

ವ್ಯಾಲೆಟ್ ಮತ್ತು ಚೀಟಿ

ಬೇಟೆಗೆ ಅಂತಲೇ ಹೊಸ ವ್ಯಾಲೆಟ್ ಮಾಡಿ. ನಿಮ್ಮ ಸ್ವಂತ ವ್ಯಾಲೆಟ್‌ನ ಪದಗಳು ಯಾವ ಕಾರಣಕ್ಕೂ ಆಟಕ್ಕೆ ಬರಬಾರದು. ಪದಗಳನ್ನು ವ್ಯಾಲೆಟ್ಟೇ ಆರಿಸಲಿ. ಚೆಂದದ ಒಂದು ಸಾಲು ಹಿಡಿದು ಅದರಿಂದ ಕೀ ಮಾಡೋಣ ಅಂತ ಆಸೆಯಾಗುತ್ತದೆ, ಒಗಟು ಪ್ರಿಯರಿಗಂತೂ ಖಂಡಿತ. ಬೇಡ. ಗಾದೆ, ಹಾಡು, ಪುಸ್ತಕದ ಸಾಲುಗಳನ್ನೆಲ್ಲ ಪುಡಿಗಟ್ಟಿ ಅದರಿಂದ ಹುಟ್ಟುವ ವಿಳಾಸಗಳನ್ನು, ಅಂದರೆ ದುಡ್ಡು ಬಂದು ಬೀಳುವ ಖಾತೆ ನಂಬರ್‌ನಂಥವನ್ನು, ಹಗಲುರಾತ್ರಿ ಕಾಯುವ ಪ್ರೋಗ್ರಾಂಗಳು ಇವೆ. ದುಡ್ಡು ಬಿದ್ದ ಕ್ಷಣಕ್ಕೇ ಎತ್ತಿಕೊಂಡು ಹೋಗುತ್ತವೆ.

ನಾನು ಹಳೆಯ ಫೋನ್ ಒಂದನ್ನು ಪೂರ್ತಿ ಖಾಲಿ ಮಾಡಿ, ವ್ಯಾಲೆಟ್ ಆ್ಯಪ್ ಹಾಕಿ, ನೆಟ್ ಆಫ್ ಮಾಡಿ ಪದಗಳನ್ನು ತೆಗೆಯುತ್ತೇನೆ. ಸ್ಕ್ರೀನ್‌ಶಾಟ್ ಇಲ್ಲ, ಪ್ರಿಂಟರ್ ಇಲ್ಲ. ಮೇಜಿನ ಮೇಲೆ ದಪ್ಪ ಕಾಗದ, 2ಬಿ ಪೆನ್ಸಿಲ್. ಪೆನ್ಸಿಲ್ ಗುರುತು ನೀರಿಗೆ ಹರಡುವುದಿಲ್ಲ. ಹಳೆಯ ರಿಜಿಸ್ಟರ್‌ಗಳಲ್ಲಿ ಶಾಯಿ ಮಸುಕಾದ ಪುಟದಲ್ಲೇ ಪೆನ್ಸಿಲ್ ಬರಹ ಹಾಗೇ ನಿಂತಿರುವುದನ್ನು ನಾನು ದಿನಾ ನೋಡುತ್ತೇನೆ. ಪದಗಳನ್ನು ಬಿಡಿ ಬಿಡಿಯಾಗಿ ದೊಡ್ಡಕ್ಷರದಲ್ಲಿ ಬರೆದು, ಒಂದರಿಂದ ಹನ್ನೆರಡರವರೆಗೆ ನಂಬರ್ ಹಾಕಿ. ಕ್ರಮ ತಪ್ಪಿದರೆ ಆ ವ್ಯಾಲೆಟ್ ತೆರೆಯುವುದಿಲ್ಲ. ಪಟ್ಟಿಯ ಪ್ರತಿ ಪದವೂ ಮೊದಲ ನಾಲ್ಕು ಅಕ್ಷರದಲ್ಲೇ ಬೇರೆ ಪದಗಳಿಂದ ಬೇರೆಯಾಗುತ್ತದೆ, ಹಾಗಾಗಿ ಆ ನಾಲ್ಕು ಅಕ್ಷರ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಇರಲಿ.

ಆಮೇಲೆ ಪರೀಕ್ಷೆ. ಸ್ವಲ್ಪವೇ ದುಡ್ಡು ಹಾಕಿ. ಆ್ಯಪ್ ಅಳಿಸಿ. ಡಬ್ಬಿಗೆ ಹೋಗುವ ಅದೇ ಚೀಟಿಯನ್ನು ನೋಡಿಕೊಂಡು ಮತ್ತೆ ವ್ಯಾಲೆಟ್ ತೆರೆಯಿರಿ. ದುಡ್ಡನ್ನು ಹೊರಗೆ ಕಳಿಸಿ ನೋಡಿ. ಅದೂ ಸರಿಯಾದ ಮೇಲೆ ಪೂರ್ತಿ ಬಹುಮಾನ ಹಾಕಿ. ಚೀಟಿಯಲ್ಲಿ ಯಾವ ನಾಣ್ಯ, ಯಾವ ಆ್ಯಪ್, ವಿಳಾಸ ಯಾವ ಅಕ್ಷರಗಳಿಂದ ಶುರುವಾಗುತ್ತದೆ ಅನ್ನುವುದನ್ನೂ ಬರೆಯಿರಿ. ಅದೇ ಹನ್ನೆರಡು ಪದ ಹಾಕಿದರೂ ಬೇರೆ ಬೇರೆ ಆ್ಯಪ್‌ಗಳು ಬೇರೆ ಬೇರೆ ವಿಳಾಸ ತೋರಿಸುವುದುಂಟು. ಗೆದ್ದವರು ಸೊನ್ನೆ ನೋಡಿ ಕಂಗಾಲಾಗಬಾರದು.

ಚೀಟಿಯನ್ನು ಮಡಚಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅದನ್ನು ತೆರೆದರೆ ತೆರೆದದ್ದು ಗೊತ್ತಾಗುವಂಥ ಲಕೋಟೆಗೆ ಹಾಕಿ ಮುಚ್ಚಿ. ಹಿಂದಿನ ದಿನ ಹೋಗಿ ನೋಡುವಾಗ ಯಾರಾದರೂ ಚೀಟಿ ನೋಡಿದ್ದಾರಾ ಇಲ್ಲವಾ ಅಂತ ತಿಳಿಯಲು ಇದೊಂದೇ ದಾರಿ.

ಯಾವ ನಾಣ್ಯ, ಎಷ್ಟು

ಬೆಲೆ ಏರಿಳಿಯದ ಟೋಕನ್ ಇಟ್ಟರೆ ಲೆಕ್ಕ ಸುಲಭ ಅಂತ ನನ್ನ ಎರಡನೇ ಕ್ರಿಪ್ಟೋ ಬೇಟೆಯಲ್ಲಿ ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಇಟ್ಟೆ. ಗೆದ್ದವರು ವ್ಯಾಲೆಟ್ ತೆರೆದರು, ದುಡ್ಡು ಕಂಡಿತು, ಕಳಿಸೋಕೆ ಹೋದರೆ ಆಗಲಿಲ್ಲ. ಎಥೀರಿಯಂ ಅನ್ನುವ ಕ್ರಿಪ್ಟೋ ಜಾಲದ ಮೇಲಿರುವ ಟೋಕನ್ ಕಳಿಸಬೇಕಾದರೆ ಫೀ ಕಟ್ಟುವುದು ಎಥೀರಿಯಂನ ಸ್ವಂತ ನಾಣ್ಯದಲ್ಲೇ, ಅಂದರೆ ಈಥರ್‌ನಲ್ಲಿ. ಅದು ಆ ವ್ಯಾಲೆಟ್‌ನಲ್ಲಿ ಒಂದು ಚೂರೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತು. ನಾನು ಗಡಿಬಿಡಿಯಲ್ಲಿ ಸ್ವಲ್ಪ ಈಥರ್ ಕಳಿಸಿ, ಅದು ತಲುಪುವವರೆಗೂ ಇಬ್ಬರೂ ಫೋನ್ ಹಿಡಿದು ನಿಂತಿದ್ದೆವು. ಟೋಕನ್ ಇಡುವವರು ಫೀಗೆ ಬೇಕಾದ ನಾಣ್ಯವನ್ನೂ ಮೊದಲೇ ಇಟ್ಟಿರಿ.

ಬಿಟ್‌ಕಾಯಿನ್ ಆದರೆ ಈ ತಾಪತ್ರಯ ಇಲ್ಲ, ಫೀ ಅದರಲ್ಲೇ ಮುರಿದುಕೊಳ್ಳುತ್ತದೆ. ಅಲ್ಲಿ ಬೇರೊಂದು ವಿಷಯ ಗಮನಿಸಬೇಕು. ಫೀ ನಿರ್ಧಾರವಾಗುವುದು ಕಳಿಸುವ ಮೊತ್ತದ ಮೇಲಲ್ಲ, ವ್ಯವಹಾರದ ಡೇಟಾ ಎಷ್ಟು ದೊಡ್ಡದು ಅನ್ನುವುದರ ಮೇಲೆ. ಇಪ್ಪತ್ತು ಜನರಿಂದ ಚೂರುಚೂರು ಬಿಟ್‌ಕಾಯಿನ್ ಒಂದೇ ವಿಳಾಸಕ್ಕೆ ಹಾಕಿಸಿಕೊಂಡರೆ, ಗೆದ್ದವರು ಅದನ್ನೆಲ್ಲ ಒಟ್ಟು ಮಾಡಿ ಕಳಿಸುವಾಗ ಫೀ ಜಾಸ್ತಿಯಾಗುತ್ತದೆ. ಮೊದಲು ನಿಮ್ಮ ಕಡೆ ಕೂಡಿಸಿಕೊಂಡು, ಬಹುಮಾನದ ವಿಳಾಸಕ್ಕೆ ಒಂದೇ ಸಲ ಹಾಕಿ.

ಬಹುಮಾನವನ್ನು ನಾಣ್ಯದ ಲೆಕ್ಕದಲ್ಲೇ ಘೋಷಿಸಿ, ಇಂತಿಷ್ಟು ಸತೋಷಿ ಅಂತ. ಒಂದು ಬಿಟ್‌ಕಾಯಿನ್ ಅಂದರೆ ಹತ್ತು ಕೋಟಿ ಸತೋಷಿ. 2015ರಲ್ಲಿ ಒಂದು ವರ್ಣಚಿತ್ರದೊಳಗೆ ಕೀ ಅಡಗಿಸಿ 4.87 ಬಿಟ್‌ಕಾಯಿನ್ ಬಹುಮಾನ ಇಟ್ಟಿದ್ದರು. ಅದು ಬಿಡಿಸಲಾಗಿದ್ದು 2018ರಲ್ಲಿ. ಅಷ್ಟರಲ್ಲಿ ಅದರ ಬೆಲೆ ಎಷ್ಟೋ ಪಟ್ಟು ಏರಿತ್ತು. ಇಳಿಯುವುದೂ ಹೀಗೇ.

ಮೊತ್ತ ದೊಡ್ಡದಿದ್ದರೆ ಒಳ್ಳೆಯದು ಅಂತ ಅನ್ನಿಸುತ್ತದೆ. ನಾನು ಒಪ್ಪುವುದಿಲ್ಲ. ಅಮೆರಿಕದ ಫಾರೆಸ್ಟ್ ಫೆನ್ ರಾಕಿ ಪರ್ವತಗಳಲ್ಲಿ ಬಚ್ಚಿಟ್ಟ ಪೆಟ್ಟಿಗೆ 2020ರಲ್ಲಿ ಸಿಗುವಷ್ಟರಲ್ಲಿ ಅದನ್ನು ಹುಡುಕಲು ಹೋದ ಐದು ಜನ ಸತ್ತಿದ್ದರು. ಒಂದು ದಿನದ ಓಡಾಟಕ್ಕೆ ಖುಷಿ ಕೊಡುವಷ್ಟಿರಲಿ. ಕೆಲಸ ಬಿಟ್ಟು, ಹೊಳೆ ಹಾರಿ ಹುಡುಕುವಷ್ಟಿರುವುದು ಬೇಡ.

ಜಾಗ

ಜಾಗ ನೋಡಲು ನಾನು ಮೂರು ಸಲ ಹೋಗುತ್ತೇನೆ. ಬೆಳಿಗ್ಗೆ, ಸಂಜೆ, ಮತ್ತೆ ರಜೆಯ ದಿನ. ಮೂರೂ ಹೊತ್ತಲ್ಲಿ ಅದೇ ಜಾಗ ಬೇರೆಯಾಗಿ ಕಾಣುತ್ತದೆ. ಜಾಗ ಯಾರದೋ ಅವರ ಒಪ್ಪಿಗೆ ಬರಹದಲ್ಲಿ ಇರಲಿ. ಅಗೆಯಬೇಕಾದ ಜಾಗ, ಹತ್ತಬೇಕಾದ ಜಾಗ, ನೀರು, ರೈಲು ಹಳಿ, ಕರೆಂಟಿನ ಪೆಟ್ಟಿಗೆ ಇವೆಲ್ಲ ಬಿಟ್ಟುಬಿಡಿ. ಮಂಡಿಯಿಂದ ಭುಜದವರೆಗಿನ ಎತ್ತರದಲ್ಲಿ ಕೈಗೆ ಸಿಗುವಂತಿದ್ದರೆ ಹಿರಿಯರೂ ಆಡಬಹುದು. "ಅಗೆಯಬೇಕಾಗಿಲ್ಲ, ಹತ್ತಬೇಕಾಗಿಲ್ಲ, ಯಾರ ಕಾಂಪೌಂಡೂ ದಾಟಬೇಕಾಗಿಲ್ಲ" ಅಂತ ನಿಯಮದ ಮೊದಲ ಸಾಲಲ್ಲೇ ಹಾಕಿ. ಇಲ್ಲದಿದ್ದರೆ ತಪ್ಪು ಜಾಗದಲ್ಲೂ ಗಿಡ ಕೀಳುವವರು ಇರುತ್ತಾರೆ.

ಡಬ್ಬಿ ಪಾರದರ್ಶಕವಾಗಿರಲಿ. ಮೇಲೆ "ಇದು ಆಟದ ಡಬ್ಬಿ, ಅಪಾಯವಿಲ್ಲ" ಅಂತ ದೊಡ್ಡದಾಗಿ ಬರೆದು ಫೋನ್ ನಂಬರ್ ಹಾಕಿ. ಟೇಪ್ ಸುತ್ತಿದ ಅನಾಮಧೇಯ ಪೆಟ್ಟಿಗೆ ಕಂಡರೆ ಜನ ಹೆದರುತ್ತಾರೆ, ಹೆದರುವುದು ನ್ಯಾಯವೇ. ಇಂಥ ಡಬ್ಬಿಗಳನ್ನು ಬಾಂಬ್ ಅಂತ ತಿಳಿದು ಬಾಂಬ್ ದಳ ಕರೆಸಿದ ಪ್ರಸಂಗಗಳು ನಡೆದಿವೆ. ಹತ್ತಿರದ ಪೊಲೀಸರಿಗೆ ಮೊದಲೇ ತಿಳಿಸಿಡಿ.

ಜಿಪಿಎಸ್ ಅಂಕಿ ಕೊಡುವುದಾದರೆ ಎಷ್ಟು ದಶಮಾಂಶ ಕೊಡುತ್ತೀರಿ ಅನ್ನುವುದರಲ್ಲೇ ಆಟದ ಕಷ್ಟ ಇದೆ. ಅಕ್ಷಾಂಶದಲ್ಲಿ ಬಿಂದುವಿನ ನಂತರ ಮೂರು ಅಂಕಿ ಕೊಟ್ಟರೆ ಸುಮಾರು 111 ಮೀಟರ್, ನಾಲ್ಕು ಕೊಟ್ಟರೆ 11 ಮೀಟರ್, ಐದಾದರೆ ಒಂದು ಮೀಟರ್ ಚಿಲ್ಲರೆ. ಆದರೆ ಫೋನ್‌ನ ಜಿಪಿಎಸ್ಸೇ ಬಯಲಲ್ಲಿ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಮರದ ಕೆಳಗೆ, ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಅದಕ್ಕೆ ನಾನು ನಾಲ್ಕು ಅಂಕಿ ಕೊಟ್ಟು, ಕೊನೆಯ ಹತ್ತು ಹೆಜ್ಜೆಯನ್ನು ಮಾತಿನಲ್ಲಿ ಹೇಳುತ್ತೇನೆ. "ಕಲ್ಲಿನ ಮೆಟ್ಟಿಲು ಇಳಿ, ಮೂರನೆಯದರ ಪಕ್ಕ ಗೋಡೆಗೆ ಬಾಯಿದೆ" ಅಂತ. ಅಲ್ಲಿ ಒಂದು ಗಾರೆ ಉದುರಿದ ಪೊಟರೆ ಇತ್ತು. ಮುಷ್ಟಿ ಹೋಗುವಷ್ಟು ಅಗಲ. ಬ್ಯಾಟರಿ ಬಿಟ್ಟು ನೋಡಿ, ಕಡ್ಡಿಯಿಂದ ಕೆದಕಿ, ಹಾವು ಚೇಳು ಇಲ್ಲ ಅಂತ ಖಚಿತ ಮಾಡಿಕೊಂಡೇ ಡಬ್ಬಿ ಇಟ್ಟೆ. ಇದನ್ನು ತಪ್ಪದೆ ಮಾಡಿ.

ಸುಳಿವು

ಬೇಟೆಯ ಜೀವ ಇರುವುದು ಇಲ್ಲಿ. ನಾನು ಬರೆದ ಒಂದು ಸುಳಿವು ಇದು:

"ನಾಲ್ಕು ಮುಖ, ಎಂಟು ಕೈ, ಒಂದು ಕಣ್ಣೂ ಇಲ್ಲ. ನಾನು ಕೂಗಿದರೆ ಕಿವಿಗೊಟ್ಟು ಎಣಿಸುತ್ತಾರೆ."

ಗಡಿಯಾರದ ಗೋಪುರ. ನನ್ನ ತಮ್ಮನಿಗೆ ಓದಿ ಹೇಳಿದೆ. ಒಂದು ನಿಮಿಷದಲ್ಲಿ ಬಿಡಿಸಿದ. ಆಮೇಲೆ, "ಅಕ್ಕಾ, ಇಂಥದ್ದು ಎರಡಿದೆ ಅಲ್ವಾ, ಯಾವುದು?" ಅಂದ. ನನ್ನ ತಲೆಯಲ್ಲಿ ಒಂದೇ ಇತ್ತು! ಅದಕ್ಕೆ "ಮೂಡಣ ಮುಖ ನಿಂತು ಬಹಳ ದಿನವಾಯಿತು" ಅಂತ ಇನ್ನೊಂದು ಸಾಲು ಸೇರಿಸಿದೆ. ನಾನು ಹೇಳಿದ ಗೋಪುರದಲ್ಲಿ ಪೂರ್ವದ ಗಡಿಯಾರ ಕೆಟ್ಟು ನಿಂತಿತ್ತು. ಬೇಟೆಗೆ ಎರಡು ದಿನ ಮುಂಚೆ ನೋಡಿದರೆ ಯಾರೋ ಅದನ್ನು ರಿಪೇರಿ ಮಾಡಿದ್ದಾರೆ, ನಾಲ್ಕೂ ಮುಖದಲ್ಲಿ ಒಂದೇ ಟೈಮ್. ಕೊನೆಗೆ ಬುಡದ ಕಲ್ಲಿನಲ್ಲಿ ಕೆತ್ತಿದ ಇಸವಿಯನ್ನು ಹಿಡಿದುಕೊಂಡೆ. ಬದಲಾಗುವುದಕ್ಕೆ ಸುಳಿವನ್ನು ಕಟ್ಟಬೇಡಿ. ಅಂಗಡಿ ಬೋರ್ಡು, ಗೋಡೆಯ ಬಣ್ಣ, ನಿಲ್ಲಿಸಿದ ಗಾಡಿ, ಬೆಂಚು ಎಲ್ಲವೂ ಒಂದು ದಿನ ಇಲ್ಲವಾಗುತ್ತವೆ. ಕಲ್ಲಿನಲ್ಲಿ ಕೆತ್ತಿದ್ದು, ಕಬ್ಬಿಣದಲ್ಲಿ ಎರಕ ಹೊಯ್ದದ್ದು ಉಳಿಯುತ್ತದೆ.

ಪ್ರತಿ ಸುಳಿವಿನಲ್ಲೂ ಅಲ್ಲಿಗೆ ಹೋದರೆ ಮಾತ್ರ ಸಿಗುವ ಒಂದು ಅಂಶ ಇರಲಿ. ಮೆಟ್ಟಿಲು ಎಷ್ಟು, ಹಿಂಬದಿಯ ಫಲಕದಲ್ಲಿ ಎಷ್ಟು ಸಾಲು, ಕಂಬದ ಮೇಲಿನ ನಂಬರ್ ಏನು. ಮೊದಲು ನೀವೇ ನಕ್ಷೆಯ ಬೀದಿ ಚಿತ್ರಗಳಲ್ಲಿ, ಚಿತ್ರ ಹುಡುಕುವ ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲೇ ಉತ್ತರ ಸಿಕ್ಕರೆ ಆ ಸುಳಿವು ಬಿಡಿ. ಫೋಟೋ ಕೊಡುವುದಾದರೆ, ಫೋಟೋ ಫೈಲ್‌ನೊಳಗೆ ತೆಗೆದ ಜಾಗದ ಜಿಪಿಎಸ್ ಅಂಕಿ ಅಡಗಿರಬಹುದು. ಅದನ್ನು ಅಳಿಸಿಯೇ ಹಂಚಿ.

ಪರೀಕ್ಷೆ ಮಾಡುವವರು ಬೇಕೇ ಬೇಕು, ಆದರೆ ಅವರಿಗೂ ಎಲ್ಲ ಹೇಳಬೇಡಿ. ನನ್ನ ತಮ್ಮನಿಗೆ ಕೊನೆಯ ಸುಳಿವು ಯಾವತ್ತೂ ಗೊತ್ತಿರುವುದಿಲ್ಲ. ಅದನ್ನು ನೋಡುವುದು ಬೇರೊಬ್ಬ ಗೆಳತಿ, ಅವಳಿಗೆ ಮೊದಲಿನವು ಗೊತ್ತಿಲ್ಲ. ಮನೆಯವರು, ಪರೀಕ್ಷೆ ಮಾಡಿದವರು, ಅವರ ಮನೆಯವರು ಯಾರೂ ಆಡುವಂತಿಲ್ಲ. ಬ್ರಿಟನ್ನಿನ ಚಿತ್ರಕಾರ ಕಿಟ್ ವಿಲಿಯಮ್ಸ್ 1979ರಲ್ಲಿ ಚಿನ್ನದ ಮೊಲವೊಂದನ್ನು ಹೂತಿಟ್ಟು, ಅದರ ಸುಳಿವುಗಳನ್ನು ಪುಸ್ತಕದ ಚಿತ್ರಗಳಲ್ಲಿ ಅಡಗಿಸಿದ್ದರು. 1982ರಲ್ಲಿ ಒಬ್ಬರು ಅದನ್ನು ಗೆದ್ದರು. ಆರು ವರ್ಷದ ನಂತರ ಹೊರಬಂದ ವಿಷಯ ಏನು ಅಂದರೆ, ಅವರಿಗೆ ಜಾಗದ ಸುಳಿವು ಹೋಗಿದ್ದು ವಿಲಿಯಮ್ಸರ ಹಳೆಯ ಗೆಳತಿಯ ಕಡೆಯಿಂದ. ಪ್ರಾಮಾಣಿಕವಾಗಿ ತಲೆ ಕೆಡಿಸಿಕೊಂಡವರಿಗೆ ಆ ನೋವು ಹೇಗಿದ್ದಿರಬೇಕು.

ಇದರ ಎದುರಿನ ತುದಿಯೂ ಇದೆ. ಬೈರನ್ ಪ್ರೈಸ್ ಅನ್ನುವವರು 1980ರ ದಶಕದಲ್ಲಿ ಹನ್ನೆರಡು ಪೆಟ್ಟಿಗೆ ಹೂತಿಟ್ಟರು. 2005ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಇಲ್ಲಿವರೆಗೆ ಬಹಿರಂಗವಾಗಿ ಸಿಕ್ಕಿರುವುದು ಮೂರು. ಉಳಿದವು ಎಲ್ಲಿವೆ ಅಂತ ಹೇಳಲು ಯಾರೂ ಇಲ್ಲ. ಆದ್ದರಿಂದ ಜಾಗ ಮತ್ತು ಉತ್ತರಗಳನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿ, ಆಟಕ್ಕೆ ಸಂಬಂಧ ಇಲ್ಲದ ನಂಬಿಕಸ್ಥರ ಹತ್ತಿರ ಕೊಟ್ಟಿಡಿ. ಹನ್ನೆರಡು ಪದ ಮಾತ್ರ ಅದರೊಳಗೆ ಬೇಡ.

ನಿಯಮ

ಸೇರಲು ಶುಲ್ಕ ಇಡಬೇಡಿ. ದುಡ್ಡು ಕಟ್ಟಿ ಅದೃಷ್ಟದಿಂದ ಗೆಲ್ಲುವುದು ಅನೇಕ ಕಡೆ ಕಾನೂನಿನ ಕಣ್ಣಿಗೆ ಲಾಟರಿ. ಕ್ರಿಪ್ಟೋ ಬಹುಮಾನಕ್ಕೆ ನಿಮ್ಮಲ್ಲಿ ಅನುಮತಿ ಇದೆಯಾ, ಗೆದ್ದವರು ತೆರಿಗೆ ಕಟ್ಟಬೇಕಾ ಅಂತ ತಿಳಿದವರನ್ನು ಒಮ್ಮೆ ಕೇಳಿ, ನಿಯಮದಲ್ಲೇ ಬರೆಯಿರಿ. ಹದಿನೆಂಟು ತುಂಬದವರು ಮನೆಯ ದೊಡ್ಡವರ ಜೊತೆ ಬರಲಿ. ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ "ನೋಂದಣಿಗೆ ದುಡ್ಡು ಕಳಿಸಿ, ವ್ಯಾಲೆಟ್ ಪದ ಹೇಳಿ" ಅಂತ ಜನರನ್ನು ಕೇಳಬಹುದು. ನನ್ನ ಮೂರನೇ ಬೇಟೆಯ ಹೊತ್ತಿಗೆ ಹೀಗಾಗಿತ್ತು, ಇಬ್ಬರು ಮೋಸ ಹೋದರು. ಅದಕ್ಕೆ "ನಾವು ಯಾರಿಂದಲೂ ಬಿಡಿಗಾಸೂ ಕೇಳುವುದಿಲ್ಲ, ನಿಮ್ಮ ವ್ಯಾಲೆಟ್ ಪದಗಳನ್ನು ಯಾವತ್ತೂ ಕೇಳುವುದಿಲ್ಲ" ಅನ್ನುವುದನ್ನು ಪ್ರತಿ ಸುಳಿವಿನ ಕೆಳಗೂ ಹಾಕುತ್ತೇನೆ.

ಬಹುಮಾನದ ವಿಳಾಸವನ್ನು ಎಲ್ಲರಿಗೂ ಮೊದಲೇ ಕೊಡಿ. ವಿಳಾಸ ಗೊತ್ತಾದರೆ ದುಡ್ಡು ತೆಗೆಯಲಾಗದು, ನೋಡಬಹುದು ಅಷ್ಟೇ. ಕ್ರಿಪ್ಟೋ ಬಹುಮಾನದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ದುಡ್ಡು ನಿಜವಾಗಿಯೂ ಇದೆ ಅನ್ನುವುದನ್ನು ಯಾರು ಬೇಕಾದರೂ ನೋಡಬಹುದು. ಅದು ಯಾವ ಗಳಿಗೆಯಲ್ಲಿ ಹೊರಟಿತು ಅನ್ನುವುದನ್ನೂ ನೋಡಬಹುದು. ನನ್ನ ಮಾತನ್ನು ನಂಬಿ ಅಂತ ಹೇಳುವ ಅಗತ್ಯವೇ ಬರುವುದಿಲ್ಲ.

ಯಾರಿಗೂ ಸಿಗದಿದ್ದರೆ ಏನು ಅಂತಲೂ ಮೊದಲೇ ಹೇಳಿ. ನಾನು ಮೂರು ದಿನಕ್ಕೊಂದು ಹೆಚ್ಚಿನ ಸುಳಿವು ಬಿಡುತ್ತೇನೆ. ಒಂದು ತಿಂಗಳು ಕಳೆದರೆ ದುಡ್ಡು ವಾಪಸ್ ತೆಗೆದು ಮುಂದಿನ ಬೇಟೆಗೆ ಸೇರಿಸುತ್ತೇನೆ.

ಬೇಟೆಯ ದಿನ

ಸುಳಿವು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೋಗಲಿ, ಬೆಳಕಿರುವಾಗಲೇ ಮುಗಿಯಲಿ. ನಸುಕಿನಲ್ಲಿ ಒಮ್ಮೆ ಹೋಗಿ ಡಬ್ಬಿ ಇದೆಯಾ, ಲಕೋಟೆ ಮುಚ್ಚಿದೆಯಾ ನೋಡಿ ಬನ್ನಿ. ಫೋನ್‌ನಲ್ಲಿ ಬಹುಮಾನದ ವಿಳಾಸ ನೋಡುವಂತೆ ಹಾಕಿಕೊಳ್ಳಿ, ದುಡ್ಡು ಅಲುಗಾಡಿದರೆ ತಿಳಿಸುತ್ತದೆ.

ಗೆದ್ದವರು ಏನು ಮಾಡಬೇಕು ಅನ್ನುವುದು ಚೀಟಿಯ ಮೇಲ್ಭಾಗದಲ್ಲಿ, ಪದಗಳಿಗಿಂತ ಮೊದಲು ಇರಲಿ. ಮೊದಲನೆಯದು, ಚೀಟಿಯ ಫೋಟೋ ತೆಗೆಯಬೇಡಿ, ಯಾರಿಗೂ ತೋರಿಸಬೇಡಿ. 2013ರ ಡಿಸೆಂಬರ್‌ನಲ್ಲಿ ಬ್ಲೂಮ್‌ಬರ್ಗ್ ಟಿವಿಯ ಕಾರ್ಯಕ್ರಮದಲ್ಲಿ ನಿರೂಪಕರೊಬ್ಬರು ತಮ್ಮ ಜೊತೆಗಾರರಿಗೆ ಕಾಗದದ ಮೇಲೆ ಬಿಟ್‌ಕಾಯಿನ್ ಉಡುಗೊರೆ ಕೊಟ್ಟರು. ಕ್ಯಾಮೆರಾಗೆ ಕ್ಷಣಕಾಲ ಕಂಡ ಕ್ಯೂಆರ್ ಕೋಡನ್ನೇ ಹಿಡಿದು ನೋಡುಗರೊಬ್ಬರು ಆ ದುಡ್ಡು ತೆಗೆದುಕೊಂಡುಬಿಟ್ಟರು. ಎರಡನೆಯದು, ವ್ಯಾಲೆಟ್ ತೆರೆದು ಸುಮ್ಮನಿರಬೇಡಿ. ಕೂಡಲೇ ಪೂರ್ತಿ ದುಡ್ಡನ್ನು ನಿಮ್ಮದೇ ಬೇರೆ ವ್ಯಾಲೆಟ್‌ಗೆ ಕಳಿಸಿ. ಏಕೆಂದರೆ ಆ ಪದಗಳನ್ನು ಬರೆದವಳು ನಾನು, ನನಗೂ ಅವು ಗೊತ್ತಿರಬಹುದು. ನನ್ನ ಮೇಲೂ ಅನುಮಾನಕ್ಕೆ ಜಾಗ ಉಳಿಯಬಾರದು.

ಜಗಳ ಬರುವುದು ಇಬ್ಬರು ಒಟ್ಟಿಗೇ ತಲುಪಿದಾಗ. ಇಬ್ಬರೂ ಪದ ನೋಡಿದ್ದರೆ ಇಬ್ಬರೂ ಕಳಿಸಲು ಹೊರಡುತ್ತಾರೆ. ಬಿಟ್‌ಕಾಯಿನ್‌ನಲ್ಲಿ ವ್ಯವಹಾರಗಳನ್ನು ಖಾಯಂ ದಾಖಲಿಸುವ ಒಂದು ಬ್ಲಾಕ್ ಬರಲು ಸರಾಸರಿ ಹತ್ತು ನಿಮಿಷ. ಅಲ್ಲಿಯವರೆಗೆ ಜಾಸ್ತಿ ಫೀ ಕಟ್ಟಿದವರದ್ದು ಮೇಲಾಗಬಹುದು. ಡಬ್ಬಿ ಹುಡುಕಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನನ್ನ ನಿಯಮ ಇಷ್ಟು: ಡಬ್ಬಿಗೆ ಮೊದಲು ಕೈ ಹಾಕಿದವರು ಗೆದ್ದವರು, ಲಕೋಟೆಯನ್ನು ಅವರೊಬ್ಬರೇ ಒಡೆಯಬೇಕು, ಬೇರೆಯವರು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಒಟ್ಟಿಗೇ ಕೈ ಹಾಕಿದರೆ ಒಡೆಯುವ ಮುಂಚೆಯೇ ನನಗೆ ಫೋನ್, ಬಹುಮಾನ ಸಮಪಾಲು.

ಮುಗಿದ ಮೇಲೆ ಎಲ್ಲ ಉತ್ತರಗಳನ್ನೂ, ದುಡ್ಡು ಹೋದ ವ್ಯವಹಾರದ ಗುರುತನ್ನೂ ಅವತ್ತೇ ಎಲ್ಲರಿಗೂ ಕಳಿಸಿ. ಬಿಲ್ಲೆ, ಡಬ್ಬಿ, ಅಂಟು ಎಲ್ಲ ತೆಗೆದು ಜಾಗವನ್ನು ಇದ್ದ ಹಾಗೇ ಮಾಡಿ.

ಡಬ್ಬಿಯನ್ನು ಮಾತ್ರ ಗೆದ್ದ ತಕ್ಷಣ ತೆಗೆಯಬೇಡಿ, ಸಂಜೆವರೆಗೆ ಬಿಡಿ. ಅದರಲ್ಲಿ ಅಂಗೈಯಷ್ಟು ಒಂದು ನೋಟ್‌ಬುಕ್ ಇಟ್ಟಿರಿ. ತಡವಾಗಿ ಬಂದವರು ದುಡ್ಡು ಹೋಯಿತು ಅಂತ ಗೊತ್ತಿದ್ದರೂ ಜಾಗ ಹುಡುಕಿಕೊಂಡು ಬರುತ್ತಾರೆ. ಐದನೇ ಬೇಟೆಯಲ್ಲಿ ಬೆಳಿಗ್ಗೆ 9:40ಕ್ಕೇ ಬಹುಮಾನ ಹೋಗಿತ್ತು. ಸಂಜೆ ನಾನು ಆ ಪೊಟರೆಯಿಂದ ಡಬ್ಬಿ ತೆಗೆದಾಗ ನೋಟ್‌ಬುಕ್‌ನಲ್ಲಿ ಗೆದ್ದವರ ಹೆಸರಿನ ಕೆಳಗೆ ಇನ್ನೂ ಹನ್ನೊಂದು ಹೆಸರು, ಪಕ್ಕದಲ್ಲಿ ಬಂದ ಟೈಮ್. ಕೊನೆಯದು 5:15. ಅದರ ಮುಂದೆ "ಗೋಪುರದ ಹತ್ರ ದಾರಿ ತಪ್ಪಿತ್ತು, ಆದ್ರೂ ಬಂದ್ವಿ" ಅಂತ ಬರೆದಿತ್ತು. ನೋಟ್‌ಬುಕ್ ಜೊತೆ ಪೆನ್ಸಿಲ್ ಇಡುವುದನ್ನು ಮರೆಯಬೇಡಿ, ಪೆನ್ ಒಣಗಿಹೋಗುತ್ತದೆ.